ಮೂರು ಮಕ್ಕಳು, ಮೂರು ದಾರಿ: ಮನೆಯಲ್ಲೇ ಕಲಿಸುವಾಗ ಸಾಮಾನು ಆರಿಸೋದು ಹೇಗೆ

ನಮ್ಮ ಅಟ್ಟದ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇದೆ. ಮೂರು ವರ್ಷದ ಹಿಂದೆ 14 ಸಾವಿರ ಕೊಟ್ಟು ತರಿಸಿದ್ದು. ಒಂದನೇ ತರಗತಿಗೆ ಬೇಕಾದ್ದೆಲ್ಲ ಇದರಲ್ಲೇ ಇದೆ ಅಂತ ಮೇಲೆ ಬರೆದಿತ್ತು. ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮನೆ ತನಕ ಕೊರಿಯರ್‌ನವರು ಬರುವುದಿಲ್ಲ, ಹಾಗಾಗಿ ಪೇಟೆಯಿಂದ ನಾನೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಒಳಗೆ ಸ್ಟ್ರಾಬೆರಿ ಚಿತ್ರದ ಕಾರ್ಡು, ಹಿಮದ ಮನೆಯ ಪಜಲ್ಲು, ಮುನ್ನೂರು ಪುಟದ ವರ್ಕ್‌ಬುಕ್ಕು. ಎರಡು ವಾರ ಬಳಸಿದೆವು. ಆಮೇಲೆ ಮಗ ಆ ಪೆಟ್ಟಿಗೆ ಕಂಡ ಕೂಡಲೇ ಕೊಟ್ಟಿಗೆ ಕಡೆಗೆ ಓಡೋಕೆ ಶುರು ಮಾಡಿದ.

ತಪ್ಪು ಪೆಟ್ಟಿಗೆಯದ್ದಲ್ಲ, ನನ್ನದು. ಮಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನೋಡದೆ ವಯಸ್ಸು ನೋಡಿ ಕೊಂಡಿದ್ದೆ.

ಈಗ ಮನೆಯಲ್ಲಿ ಮೂವರು ಕಲಿಯುತ್ತಾರೆ. ಮಗನಿಗೆ ಎಂಟು ವರ್ಷ, ಲೆಕ್ಕದಲ್ಲಿ ಚುರುಕು, ಆದರೆ ಓದುವಾಗ ಅಕ್ಷರ ಅಕ್ಷರಕ್ಕೂ ಬೆವರುತ್ತಾನೆ. ಮಗಳಿಗೆ ಆರು, ಕೈಗೆ ಸಿಕ್ಕಿದ್ದೆಲ್ಲ ಓದುತ್ತಾಳೆ, ಅಂಗಡಿಯಿಂದ ಬಂದ ಪೊಟ್ಟಣದ ಪೇಪರನ್ನೂ ಬಿಡುವುದಿಲ್ಲ. ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋವು ಅಂತ ಅಳು. ಮೂರನೆಯವಳು ಮೈದುನನ ಮಗಳು, ಐದು ವರ್ಷ, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಕಲಿಕೆ ನಿಧಾನ ಆಗಿರುವ ಸ್ಥಿತಿ. ಬೆಳಗ್ಗೆ ಅಂಗನವಾಡಿಗೆ ಹೋಗಿ ಬಂದು ಮಧ್ಯಾಹ್ನ "ದೊಮ್ಮ" ಅಂತ ನನ್ನ ಪಕ್ಕ ಬಂದು ಕೂರುತ್ತಾಳೆ (ದೊಡ್ಡಮ್ಮ ಅನ್ನೋದು ಅವಳ ಬಾಯಲ್ಲಿ ಹಾಗೆ). ಮೂವರಿಗೂ ಸರಿ ಹೋಗುವ ಒಂದೇ ಪುಸ್ತಕ ಇಲ್ಲ, ಮೂರು ಸೆಟ್ ಕೊಳ್ಳುವಷ್ಟು ದುಡ್ಡೂ ಇಲ್ಲ. ಹೀಗಿರುವಾಗ ನಾವು ಕಂಡುಕೊಂಡ ದಾರಿ ಇದು. ನಿಮ್ಮನೆಗೆ ಎಷ್ಟು ಹೊಂದುತ್ತದೋ ಅಷ್ಟು ತಗೊಳ್ಳಿ.

ಶುರು ಮಾಡೋ ಮುಂಚೆ ಕಾನೂನಿನ ಮಾತು, ಚುಟುಕಾಗಿ

ಮನೆಯಲ್ಲೇ ಕಲಿಸೋಕೆ ಕಾನೂನು ಬಿಡುತ್ತದಾ? ಎಲ್ಲರೂ ಮೊದಲು ಕೇಳೋದು ಇದನ್ನೇ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮನೆಯಲ್ಲಿ ಕಲಿಸೋದರ ಬಗ್ಗೆ ಅದು ನೇರವಾಗಿ ಏನೂ ಹೇಳುವುದಿಲ್ಲ. 2012ರ ತಿದ್ದುಪಡಿಯಲ್ಲಿ ಮಾತ್ರ ತೀವ್ರ ಅಂಗವೈಕಲ್ಯ ಅಥವಾ ಬಹು ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಅಂತ ಸೇರಿಸಿದ್ದಾರೆ. ಮುಂದೆ ಸರ್ಟಿಫಿಕೇಟ್ ಬೇಕಾದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅದರಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಅನ್ನೋ ಮೂರು ಹಂತ ಇವೆ, ಆಮೇಲೆ ಹತ್ತನೇ ತರಗತಿಗೂ ಕಟ್ಟಬಹುದು. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಊರಿನ ಶಾಲೆಯ ಮೇಷ್ಟ್ರ ಜೊತೆ ಮಾತುಕತೆ ಚೆನ್ನಾಗಿಟ್ಟುಕೊಳ್ಳಿ, ನಾಳೆ ಪುಸ್ತಕಕ್ಕೋ ಸಲಹೆಗೋ ಅವರ ಹತ್ತಿರವೇ ಹೋಗಬೇಕು.

ಹೆಜ್ಜೆ 1: ಎರಡು ವಾರ ಏನನ್ನೂ ಕೊಳ್ಳಬೇಡಿ

ಒಂದು 20 ರೂಪಾಯಿ ನೋಟ್‌ಬುಕ್ ತಗೊಳ್ಳಿ, ಅಷ್ಟೇ ಖರ್ಚು. ಒಬ್ಬೊಬ್ಬ ಮಗುವಿಗೆ ಹತ್ತು ಪುಟ ಮಾಡಿ. ದಿನಾ ರಾತ್ರಿ ಎರಡು ಸಾಲು ಬರೆದಿಡಿ. ಕಿವಿಯಿಂದ ಕೇಳಿ ಏನು ತಿಳಿದುಕೊಂಡಿತು, ಬಾಯಲ್ಲಿ ಏನು ಹೇಳಿತು, ಏನು ಓದಿತು, ಕೈ ಹೇಗೆ ಓಡಿತು, ಎಷ್ಟು ಎಣಿಸಿತು, ಎಷ್ಟು ಹೊತ್ತು ಕೂತಿತು. ಪರೀಕ್ಷೆ ಮಾಡೋದು ಬೇಡ, ಸುಮ್ನೆ ನೋಡಿದರಾಯಿತು.

ನನ್ನ ನೋಟ್‌ಬುಕ್‌ನಲ್ಲಿ ಮಗನ ಪುಟದಲ್ಲಿ ಹೀಗಿದೆ: "ಅಜ್ಜ ಹೇಳಿದ ಹುಲಿ ಕಥೆ ಪೂರ್ತಿ ವಾಪಸ್ ಹೇಳಿದ, ಒಂದೂ ಬಿಡಲಿಲ್ಲ. ಅದೇ ಕಥೆ ಪುಸ್ತಕದಲ್ಲಿ ಮೂರನೇ ಸಾಲಿಗೆ ಬಾಯಾರಿಕೆ ಅಂತ ಎದ್ದ. ಗೊನೆ ಲೆಕ್ಕದಲ್ಲಿ ಅಪ್ಪನ ತಪ್ಪು ಹಿಡಿದ." ಈ ನಾಲ್ಕು ಮಾತಿನಲ್ಲಿ ಅವನಿಗೆ ಏನು ತರಬೇಕು, ಏನು ತರಬಾರದು ಅನ್ನೋದು ಬಹುತೇಕ ಬಂದುಬಿಟ್ಟಿದೆ, ಅಲ್ವಾ?

ಈ ಎರಡು ವಾರದಲ್ಲೇ ಕಣ್ಣು, ಕಿವಿ ತೋರಿಸಿಬಿಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿ ಮಂದ ಇರೋದು ಸಾಮಾನ್ಯ. ನಾವು ಮಾತು ಕಲಿಸುವ ಕಾರ್ಡು ತಂದು ಗೋಳಾಡಿದ್ದೇ ಬಂತು, ಆಮೇಲೆ ನೋಡಿದರೆ ಚಿಕ್ಕವಳಿಗೆ ಒಂದು ಕಿವಿ ಸರಿಯಾಗಿ ಕೇಳುತ್ತಲೇ ಇರಲಿಲ್ಲ.

ಹೆಜ್ಜೆ 2: ತರಗತಿಯ ನಂಬರ್ ಮೇಲೆ ಪೇಪರ್ ಅಂಟಿಸಿ

ನಿಜವಾಗಲೂ ಅಂಟಿಸಿ. ನಾನು ಎಲ್ಲ ಪುಸ್ತಕದ ಮುಖಪುಟದ ಮೇಲೂ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದ್ದೇನೆ. ಎಂಟು ವರ್ಷದ ಹುಡುಗನ ಕೈಗೆ ಒಂದನೇ ತರಗತಿ ಪುಸ್ತಕ ಕೊಟ್ಟರೆ ಮುಖ ಸಣ್ಣದಾಗುತ್ತದೆ, ತಂಗಿ ಪಕ್ಕದಲ್ಲೇ ದಪ್ಪ ಪುಸ್ತಕ ಓದುತ್ತಿದ್ದರಂತೂ ಕೇಳಲೇಬೇಡಿ.

ಒಂದೇ ಮಗು ಓದಿನಲ್ಲಿ ಒಂದನೇ ಕ್ಲಾಸು, ಲೆಕ್ಕದಲ್ಲಿ ನಾಲ್ಕನೇ ಕ್ಲಾಸು, ಮಾತಿನಲ್ಲಿ ಏಳನೇ ಕ್ಲಾಸು ಇರಬಹುದು. ಹಾಗಾಗಿ ಸೆಟ್ ಕೊಳ್ಳಬೇಡಿ, ಬಿಡಿ ಬಿಡಿ ಆರಿಸಿ. ಸೆಟ್ ಮಾರುವವರು ಎಲ್ಲ ವಿಷಯವೂ ಒಂದೇ ಎತ್ತರದಲ್ಲಿರುವ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಂಥ ಮಗುವನ್ನು ನಾನಿನ್ನೂ ನೋಡಿಲ್ಲ.

ಓದುವ ಪುಸ್ತಕ ಹೊಂದುತ್ತದೋ ಇಲ್ಲವೋ ನೋಡೋಕೆ ಸುಲಭದ ದಾರಿ: ನಡುವಿನ ಒಂದು ಪುಟ ತೆಗೆದು ಇಪ್ಪತ್ತು ಪದ ಓದಿಸಿ. ಒಂದೆರಡು ಪದಕ್ಕೆ ತಡವರಿಸಿದರೆ ಆ ಪುಸ್ತಕ ಕಲಿಯೋಕೆ ಸರಿ. ಎರಡಕ್ಕಿಂತ ಜಾಸ್ತಿ ಆದರೆ ಅದನ್ನು ನೀವು ಓದಿ ಹೇಳಿ, ಅವನ ಕೈಗೆ ಕೊಡಬೇಡಿ. ಒಂದೂ ತಡವರಿಸದಿದ್ದರೆ ಖುಷಿಗೆ ಓದಲಿ. ಮೂರೂ ಥರದ ಪುಸ್ತಕ ಮನೆಯಲ್ಲಿ ಇರಬೇಕು.

ಹೆಜ್ಜೆ 3: ಕನ್ನಡ ಓದಿಗೆ ಸಾಮಾನು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತೇನೆ, ಯಾಕೆಂದರೆ ಅತಿ ಹೆಚ್ಚು ದುಡ್ಡು ಕಳೆದುಕೊಂಡಿದ್ದು ಇಲ್ಲೇ.

ಪೇಟೆಯಲ್ಲಿ ಸಿಗುವ ಅಕ್ಷರದ ಪುಸ್ತಕ, ಚಾರ್ಟು ಎಲ್ಲ ಅ ಆ ಇ ಈ ಅಂತಲೇ ಶುರು. ವರ್ಣಮಾಲೆಯ 49 ಅಕ್ಷರ ಮುಗಿದು, ಕಾಗುಣಿತ ಮುಗಿದು, ಆಮೇಲೆ ಒಂದು ಪದ. ಚುರುಕಿನ ಮಗು ಹೇಗೂ ದಾಟುತ್ತದೆ. ನನ್ನ ಮಗನಂಥವನು ಋ ಬಂದಾಗಲೇ ಕೈ ಎತ್ತುತ್ತಾನೆ. ಙ, ಞ ಅವನ ಜೀವನದಲ್ಲಿ ಯಾವಾಗ ಬರುತ್ತವೋ ದೇವರಿಗೇ ಗೊತ್ತು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಇದಕ್ಕಿಂತ ಎಷ್ಟೋ ವಾಸಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಬೇರೆ ಬೇರೆ ವೇಗದ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯೋಕೆ ಅಂತಲೇ ಮಾಡಿದ್ದು, ಕಾರ್ಡುಗಳು, ಮೆಟ್ಟಿಲುಗಳು ಎಲ್ಲ ಇವೆ. ಅಂದಮೇಲೆ ಮೂರು ಥರದ ಮಕ್ಕಳಿರುವ ಮನೆಗೂ ಅದು ಹೊಂದುತ್ತದೆ. ಅದರಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು, ಗದಗ ಅನ್ನೋ ಊರೂ ಬಂತು. ಮೊದಲ ವಾರದಲ್ಲೇ "ನಾನು ಓದಿದೆ" ಅನ್ನೋ ಖುಷಿ. ಅದಾದ ಮೇಲೆ ಜ, ವ, ಮ, ಬ, ನ. ಇಲ್ಲಿ ಮಾತ್ರ ನಾನು ಸ್ವಲ್ಪ ಬದಲಾಯಿಸಿದೆ. ವ ಮತ್ತು ಮ ನೋಡೋಕೆ ಅಣ್ಣ ತಮ್ಮಂದಿರ ಹಾಗೆ, ಮಗನಿಗೆ ಕಲಸಿ ಹೋಗುತ್ತಿತ್ತು. ವ ಗಟ್ಟಿಯಾಗಿ ಹತ್ತು ದಿನ ಆದ ಮೇಲೆ ಮ ತಂದೆ. ಪ–ಷ–ಫ, ದ–ಧ–ಥ, ಬ–ಭ, ಇವನ್ನೂ ಒಟ್ಟಿಗೆ ತರುವ ಪುಸ್ತಕ ಇದ್ದರೆ ದೂರ ಇಡಿ.

ಮೂವರಿಗೂ ಆಗಿಬಂದ ಓದುವ ಸಾಮಾನು ಯಾವುದು ಗೊತ್ತಾ? ಬಸ್ಸಿನ ಬೋರ್ಡು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಜೆ ಕಾಯುತ್ತ ನಿಂತಾಗ ಮಗ ತಾನೇ "ನಗರ" ಅಂತ ಓದಿದ. ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗೋ ಬಸ್ಸು. ನ, ಗ, ರ, ಮೂರೂ ಅವನಿಗೆ ಗೊತ್ತಿದ್ದ ಅಕ್ಷರ. ಅವತ್ತು ಮನೆಗೆ ಬಂದು ರಟ್ಟು ಕತ್ತರಿಸಿ ಬೋರ್ಡು ಮಾಡಿದೆವು. ಸುಲಭದಿಂದ ಕಷ್ಟಕ್ಕೆ ಜೋಡಿಸಿದರೆ ನಮ್ಮ ಜಿಲ್ಲೆಯೇ ಒಂದು ಪಾಠದ ಪುಸ್ತಕ. ನಗರ, ಬರೀ ಅಕ್ಷರ. ಸಾಗರ, ಒಂದು ದೀರ್ಘ ಬಂತು. ಸೊರಬ, ಹೊಸನಗರ, ಇಲ್ಲಿ ಒಕಾರದ ಹೊಸ ಗುರುತು. ಶಿಕಾರಿಪುರ, ಗುಣಿತದ ಗುರುತು ಮೂರು ಥರ ಇದ್ದರೂ ಒತ್ತಿಲ್ಲ. ಆಮೇಲೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನಮ್ಮ ಶಿವಮೊಗ್ಗ, ಅದೇ ಅಕ್ಷರಕ್ಕೆ ಅದೇ ಒತ್ತು. ಅದಾದ ಮೇಲೆ ಭದ್ರಾವತಿ, ದಕ್ಕೆ ರ ಒತ್ತು. ಕೊನೆಗೆ ನಮ್ಮದೇ ತೀರ್ಥಹಳ್ಳಿ, ಅರ್ಕಾವತ್ತು. ಬಾಯಲ್ಲಿ ರ್ ಮೊದಲು ಬರುತ್ತದೆ, ಕಾಗದದ ಮೇಲೆ ಆಮೇಲೆ ಬರುತ್ತದೆ. "ನಮ್ಮೂರೇ ಯಾಕಮ್ಮ ಇಷ್ಟು ಕಷ್ಟ?" ಅಂದ. ನನಗೂ ಉತ್ತರ ಗೊತ್ತಿರಲಿಲ್ಲ. ಮಗಳು ಅದೇ ಬೋರ್ಡುಗಳನ್ನು ಇಟ್ಟುಕೊಂಡು ಯಾವ ಊರಿಂದ ಯಾವ ಊರಿಗೆ ಹೇಗೆ ಹೋಗೋದು ಅಂತ ನಕ್ಷೆ ಮಾಡಿದಳು. ಚಿಕ್ಕವಳು ಕಂಡಕ್ಟರ್, ಸೀಟಿ ಅವಳದ್ದೇ.

ಕಥೆ ಪುಸ್ತಕ ಆರಿಸುವಾಗ ಒತ್ತಕ್ಷರ ನೋಡಿ. ಒತ್ತು ಇಲ್ಲದ ಪುಸ್ತಕ ಬೇಕು ಅಂತ ನಾನು ತಿಂಗಳುಗಟ್ಟಲೆ ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕ್ರಿಯಾಪದದಲ್ಲೇ, ವಿಭಕ್ತಿಯಲ್ಲೇ ಒತ್ತು ಇದೆ. "ಕಾಗೆ ಹಾರುತ್ತದೆ" ಅಂದರೆ ತ್ತ ಬಂತು, "ಮರದಲ್ಲಿ" ಅಂದರೆ ಲ್ಲ, "ಹಣ್ಣನ್ನು" ಅಂದರೆ ಎರಡು, "ಇದ್ದಾನೆ" ಅಂದರೆ ದ್ದ. ಅದೇ "ಕಾಗೆ ಹಾರಿತು, ನರಿ ಓಡಿ ಬಂತು" ಅಂದರೆ ಒಂದೂ ಇಲ್ಲ. ಹಾಗಾಗಿ ತಡವಾಗಿ ಓದುವ ಮಗುವಿಗೆ ಮೊದಲು ನಡೆದು ಹೋದ ಕಥೆಯ ಪುಸ್ತಕ ಕೊಡಿ, ಬಂದ, ಹೋದ, ತಿಂದ, ಓಡಿದ. ಈಗ ನಡೆಯುತ್ತಿರುವ ಹಾಗೆ ಬರೆದ ಕಥೆ ಆಮೇಲೆ. ಒತ್ತು ಕಲಿಸುವಾಗಲೂ ತ್ತ, ದ್ದ, ಲ್ಲ, ನ್ನ ಈ ನಾಲ್ಕನ್ನು ಮೊದಲು ಹಿಡಿಯಿರಿ, ಇವು ಗೊತ್ತಾದರೆ ಯಾವ ಪುಟ ತೆಗೆದರೂ ಅರ್ಧ ಭಾರ ಇಳಿಯುತ್ತದೆ. ಇನ್ನೊಂದು ಮಾತು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ದೊಡ್ಡವರಿಗೆ "ಅಮ್ಮ" ಸುಲಭದ ಪದ ಅನ್ನಿಸುತ್ತದೆ. ಹೊಸಬನಿಗೆ ಅದಕ್ಕಿಂತ "ಅಪ್ಪ" ಸುಲಭ. ಈ ವಿಷಯದಲ್ಲಿ ಅಪ್ಪಂದಿರು ಗೆದ್ದರು, ಇರಲಿ.

ಇನ್ನು ಸಣ್ಣ ಪುಟ್ಟದ್ದು: ಅಕ್ಷರ ದಪ್ಪ ಇರಬೇಕು, ಸಾಲಿನ ನಡುವೆ ಒತ್ತು ಇಳಿಯೋಕೆ ಜಾಗ ಇರಬೇಕು, ಚಿತ್ರದ ಮೇಲೆ ಅಕ್ಷರ ಅಚ್ಚಾಗಿರಬಾರದು, ಉದ್ದದ ಪದ ಸಾಲಿನ ಕೊನೆಯಲ್ಲಿ ಒಡೆದು ಕೆಳಗಿನ ಸಾಲಿಗೆ ಹೋಗಿರಬಾರದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, 2015ರಿಂದ ಇದೆ, ನಾಲ್ಕು ಲೆವೆಲ್ ಇವೆ. ಲೆವೆಲ್ 1 ಅಂತ ಇದ್ದರೂ ಕೆಲವು ಅನುವಾದದ ಕಥೆಗಳಲ್ಲಿ ಕಷ್ಟದ ಒತ್ತು ಇರುತ್ತದೆ, ನೀವು ಒಮ್ಮೆ ಓದಿಯೇ ಕೊಡಿ.

ಚಿಕ್ಕವಳಿಗೆ ಅಕ್ಷರದಿಂದ ಹೋಗಲಿಲ್ಲ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳಿಗೆ ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿಂದ ನೋಡಿದ್ದು ಬೇಗ ಹಿಡಿಯುತ್ತದೆ. ಅಜ್ಜ, ನಾಯಿ, ಹಾಲು, ಬಸ್ಸು, ಅವಳ ಕೆಂಪು ಕೊಡೆ, ಹೀಗೆ ಹನ್ನೆರಡು ಫೋಟೊ ಮೊಬೈಲಿನಲ್ಲಿ ತೆಗೆದು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಪದ ಬರೆದೆ. ಅದೇ ಪದ ಬೇರೆ ಚೀಟಿಯಲ್ಲೂ ಬರೆದೆ. ಚೀಟಿಯನ್ನು ಫೋಟೊದ ಕೆಳಗೆ ಇಡೋದು ಆಟ. ಈಗ ಏಳು ಪದ ಸರಿಯಾಗಿ ಇಡುತ್ತಾಳೆ. ನಾಯಿಯ ಚೀಟಿ ಮಾತ್ರ ನಾಯಿಯ ಬೆನ್ನ ಮೇಲೇ ಇಡಬೇಕು ಅನ್ನುತ್ತಾಳೆ.

ಹೆಜ್ಜೆ 4: ಲೆಕ್ಕಕ್ಕೆ ಪೇಟೆಗೆ ಹೋಗಬೇಡಿ

ಪ್ಲಾಸ್ಟಿಕ್ ಮಣಿ, ಮರದ ಬ್ಲಾಕು, ಬಣ್ಣದ ಕರಡಿ ಅಂತ ಸಾವಿರಗಟ್ಟಲೆ ಬೆಲೆ ಹೇಳುತ್ತಾರೆ. ಮಲೆನಾಡಿನ ಮನೆಯಲ್ಲಿ ಎಣಿಸೋಕೆ ಏನು ಬರವೇ?

ಹಿಡಿಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿ, ಬಾಳೆ ನಾರಿನಲ್ಲಿ ಕಟ್ಟಿ. ಕನ್ನಡದ ಸಂಖ್ಯೆ ಹೆಸರು ಕೇಳಿ ನೋಡಿ: ಇಪ್ಪತ್ತೊಂದು ಅಂದರೆ ಇಪ್ಪತ್ತು ಮತ್ತು ಒಂದು, ಎರಡು ಕಟ್ಟು, ಒಂದು ಬಿಡಿ ಕಡ್ಡಿ. ಬಾಯಲ್ಲಿ ಹೇಳಿದ್ದೇ ಕೈಯಲ್ಲಿ ಕಾಣುತ್ತದೆ. ತೊಡಕು ಇರೋದು ಹನ್ನೊಂದು, ಹನ್ನೆರಡು, ಹದಿಮೂರರಲ್ಲಿ. ಅಲ್ಲೇ ಸಿಕ್ಕಿಬಿದ್ದರೆ ಅದನ್ನು ದಾಟಿ ಇಪ್ಪತ್ತರ ಮೇಲೆ ಹೋಗಿ, ಆಮೇಲೆ ವಾಪಸ್ ಬನ್ನಿ. ಪುಸ್ತಕದ ಕ್ರಮ ಮುರಿದರೆ ಯಾರೂ ದಂಡ ಹಾಕುವುದಿಲ್ಲ.

ಚೆನ್ನೆಮಣೆ (ಅಳಗುಳಿ ಮಣೆ) ಇದ್ದರೆ ಅಟ್ಟದಿಂದ ಇಳಿಸಿ. ಏಳೇಳರ ಎರಡು ಸಾಲು, 14 ಗುಳಿ. ನಮ್ಮನೆಯಲ್ಲಿ ಗುಳಿಗೆ ನಾಲ್ಕು ಬೀಜ, ಒಟ್ಟು 56. ಮಗ ಕೈ ಹಾಕುವ ಮುಂಚೆಯೇ ಕೊನೇ ಬೀಜ ಎಲ್ಲಿ ಬೀಳುತ್ತದೆ ಅಂತ ಹೇಳುತ್ತಾನೆ, ಅವನ ಅಜ್ಜಿ ಮಾತ್ರ ಅವನನ್ನು ಸೋಲಿಸುತ್ತಾರೆ. ಚಿಕ್ಕವಳಿಗೆ ಒಂದು ಗುಳಿಗೆ ಒಂದು ಬೀಜ ಹಾಕುತ್ತ ಹೋಗೋದೇ ದೊಡ್ಡ ಕೆಲಸ. ಬೆರಳಿಗೆ ಬಲ ಬಂತು, ಎಣಿಕೆಯೂ ಬಂತು.

ಬೀಜದ ವಿಷಯದಲ್ಲಿ ಮಾತ್ರ ಹುಷಾರು. ಕೆಂಪಿಗೆ ಕಪ್ಪು ಚುಕ್ಕಿ ಇರುವ ಗುಲಗಂಜಿ ಚೆಂದ ಅಂತ ಮಕ್ಕಳ ಕೈಗೆ ಕೊಡಬೇಡಿ, ಅದರೊಳಗೆ ಅಬ್ರಿನ್ ಅನ್ನೋ ಘೋರ ವಿಷ ಇದೆ, ಅಗಿದರೆ ಜೀವಕ್ಕೇ ಅಪಾಯ. ಹುಣಸೆ ಬೀಜ ಬಳಸಿ. ಬಾಯಿಗೆ ಹಾಕುವ ಮಗು ಇದ್ದರೆ ಅದೂ ಬೇಡ, ಬಾಯೊಳಗೆ ಹಿಡಿಸದಷ್ಟು ದೊಡ್ಡ ವಸ್ತು ಹುಡುಕಿ, ಗೆರಟೆಯ (ತೆಂಗಿನ ಚಿಪ್ಪಿನ) ದೊಡ್ಡ ಚೂರು ಉಜ್ಜಿ ನುಣುಪು ಮಾಡಿದರೆ ಸಾಕು.

ಅಡಿಕೆ ಆರಿಸೋದು ನನ್ನ ಕಣ್ಣಿಗೆ ಬಿದ್ದಿದ್ದು ತಡವಾಗಿ. ಒಣಗಿದ ಅಡಿಕೆ ಜಗಲಿಯಲ್ಲಿ ಹರವಿ ಅತ್ತೆ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಮಾಡುತ್ತಿದ್ದರು (ಇವು ಅಡಿಕೆಯ ದರ್ಜೆಗಳ ಹೆಸರು). ಚಿಕ್ಕವಳು ಪಕ್ಕದಲ್ಲಿ ಕೂತು ತಾನೂ ಬುಟ್ಟಿಗೆ ಹಾಕುತ್ತಿದ್ದಳು. ಆಟ ಅಂತ ಬಿಟ್ಟಿದ್ದೆವು. ಒಂದು ದಿನ ಅತ್ತೆ ಅವಳ ಬುಟ್ಟಿ ಮಗುಚಿ ನೋಡಿದರೆ ಗೊರಬಲಿನ ಜೊತೆ ಬೇರೆಯದು ಸೇರಿದ್ದು ನಾಲ್ಕೈದೇ. ಬಣ್ಣ, ಸುಕ್ಕು, ಗಾತ್ರ, ಮೂರನ್ನೂ ನೋಡಿ ಬೇರೆ ಮಾಡಿದ್ದಳು! ನಾನು ಅವಳಿಗೆ ಅಂತ 600 ರೂಪಾಯಿ ಕೊಟ್ಟು ತಂದ ಬಣ್ಣ ಜೋಡಿಸುವ ಆಟದಲ್ಲಿ ಕೆಂಪು ಹಳದಿ ಬಿಟ್ಟು ಮುಂದೆ ಹೋಗಿರಲಿಲ್ಲ. ಪಕ್ಕದ ಮನೆಯವರು ನೋಡಿ, "ಎಂತ ಮಾರಾಯ್ತಿ, ಮಕ್ಕಳಿಗೆ ಪಾಠ ಹೇಳ್ತೀನಿ ಅಂತ ಅಡಿಕೆ ಆರಿಸೋಕೆ ಕೂರಿಸಿದೀಯ?" ಅಂದರು. ಹೌದು ಅಂದೆ. ಎಣಿಸೋಕೆ, ಆರಿಸೋಕೆ ಮಾತ್ರ, ಬಾಯಿಗಲ್ಲ ಅನ್ನೋದನ್ನು ಮಾತ್ರ ಮೂವರಿಗೂ ಖಡಾಖಂಡಿತ ಹೇಳಿದ್ದೇವೆ.

ಅಳತೆಗೆ ಪಾವು, ಸೇರು ಇನ್ನೂ ಅಡುಗೆಮನೆಯಲ್ಲಿ ಇದ್ದರೆ ಭಿನ್ನರಾಶಿಗೆ ಅದೇ ಸಾಕು. ನಾಲ್ಕು ಪಾವು ಒಂದು ಸೇರು. ಕಾಲು, ಅರ್ಧ, ಮುಕ್ಕಾಲು ಅಕ್ಕಿಯಲ್ಲೇ ಅಳೆದ ಹುಡುಗನಿಗೆ ಕಾಗದದ ಮೇಲೆ 3/4 ಕಂಡರೆ ಭಯ ಇಲ್ಲ.

ಹೆಜ್ಜೆ 5: ಒಂದು ಸಾಮಾನಿಗೆ ಮೂರು ಬಾಗಿಲು

ಏನೇ ತರುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ: ಇದರ ಜೊತೆ ಮೂವರೂ ಕೂರಬಹುದಾ? ಒಬ್ಬರಿಗೇ ಆಗುವಂಥದ್ದಾದರೆ ಎರಡು ಸಲ ಯೋಚನೆ ಮಾಡುತ್ತೇನೆ.

ಮಳೆ ಅಳೆಯುವ ಬಾಟಲಿ ಇದಕ್ಕೆ ಒಳ್ಳೇ ಉದಾಹರಣೆ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬಿ, ತಳ ಚಪ್ಪಟೆ ಇರಬೇಕು, ಒಂದು ಸ್ಕೇಲು, ಅಷ್ಟೇ. ಅಂಗಳದಲ್ಲಿ ಮಾಡಿನ ನೀರು ಬೀಳದ ಕಡೆ ಇಡಿ. ಬೆಳಗ್ಗೆ ಎಂಟೂವರೆಗೆ ನೋಡೋದು. ಚಿಕ್ಕವಳು ಡಬ್ಬಿ ತರುತ್ತಾಳೆ, ಮಳೆ ಬಂದಿದ್ದರೆ ಕ್ಯಾಲೆಂಡರಿನಲ್ಲಿ ನೀಲಿ ಬೊಟ್ಟು ಅಂಟಿಸುತ್ತಾಳೆ, ನೀರು ಚೆಲ್ಲುವ ಹಕ್ಕು ಅವಳದ್ದು. ಮಗ ಮಿಲಿಮೀಟರ್ ನೋಡಿ ಹೇಳುತ್ತಾನೆ, ವಾರದ್ದು ಕೂಡುತ್ತಾನೆ. ಅಜ್ಜನಿಗೆ ಇಂಚಿನಲ್ಲಿ ಹೇಳಿದರೇ ಸಮಾಧಾನ, ಒಂದು ಇಂಚಿಗೆ 25.4 ಅಂತ ಅವನೇ ಭಾಗಿಸುತ್ತಾನೆ. ಮಗಳು ಡೈರಿ ಬರೆಯುತ್ತಾಳೆ, "ಆರಿದ್ರಾ ಮಳೆ ಮೂರನೇ ದಿನ, ತೋಡು ತುಂಬಿತು, ಕಪ್ಪೆ ಮೊಟ್ಟೆ" ಅಂತ ಎರಡೇ ಸಾಲು, ಕೈ ನೋಯುವ ಮುಂಚೆ ನಿಲ್ಲಿಸಬಹುದು. ಖರ್ಚು ಸೊನ್ನೆ.

ಮುಂದೆ ಓಡುವ ಮಗುವಿಗೆ ಮೇಲಿನ ಕ್ಲಾಸಿನ ಪುಸ್ತಕ ಕೊಡೋದು ನಮ್ಮೆಲ್ಲರ ಚಾಳಿ. ನಾನೂ ಕೊಟ್ಟೆ, ಮಗಳು ಮೂರನೇ ತರಗತಿಯದ್ದನ್ನು ಒಂದು ತಿಂಗಳಲ್ಲಿ ಓದಿ ಮುಗಿಸಿದಳು. ಆದರೆ ಅದರ ಅಭ್ಯಾಸ ಬರೆಯೋಕೆ ಕೈ ಸಾಲದೆ ಪುಸ್ತಕವನ್ನೇ ದ್ವೇಷಿಸಿದಳು. ಅಂಥ ಮಗುವಿಗೆ ಅಗಲ ಜಾಸ್ತಿ ಮಾಡಿ. ಹಕ್ಕಿಯ ಪುಸ್ತಕ, ನಕ್ಷೆ, ಪಂಚಾಂಗ, ಅಜ್ಜಿಯ ಹಳೇ ಲೆಕ್ಕದ ಪುಸ್ತಕ, ಯಾವುದಾದರೂ ಸರಿ.

ಹೆಜ್ಜೆ 6: ಬರೆಯುವ ಕೈಗೆ

ಓದು ಬೇರೆ, ಬರಹ ಬೇರೆ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸಬಾರದು. ಅಡಿಕೆ ಹಾಳೆಯನ್ನು ತಟ್ಟೆ ಥರ ಮಡಚಿ ರವೆ ಹರವಿ, ಬೆರಳಲ್ಲಿ ತಿದ್ದಲಿ. ಆಮೇಲೆ ಸ್ಲೇಟು. ಬಳಪ ಉದ್ದ ಇದ್ದರೆ ಸಣ್ಣದಾಗಿ ಮುರಿದು ಕೊಡಿ, ಸಣ್ಣ ಚೂರನ್ನು ಮುಷ್ಟಿಯಲ್ಲಿ ಹಿಡಿಯೋಕೆ ಆಗುವುದಿಲ್ಲ, ತಾನಾಗಿಯೇ ಬೆರಳಲ್ಲಿ ಹಿಡಿಯುತ್ತಾರೆ. ಲೆಕ್ಕಕ್ಕೆ ಚೌಕದ ಪುಸ್ತಕ ತಗೊಳ್ಳಿ, ಅಂಕಿ ಸಾಲು ತಪ್ಪುವುದಿಲ್ಲ. ಉದ್ದದ ಉತ್ತರ ಬೇಕಾದರೆ ಬಾಯಲ್ಲಿ ಹೇಳಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಅದೂ ಉತ್ತರವೇ.

ಹೆಜ್ಜೆ 7: ಮೊಬೈಲು, ಕರೆಂಟು, ಬೂಷ್ಟು

ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಆನ್‌ಲೈನ್ ಕ್ಲಾಸಿನ ಚಂದಾ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಮೂರು ದಿನ ಪತ್ತೆ ಇರುವುದಿಲ್ಲ. ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳಿ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಆಗಿ ಬಿಟ್ಟಿ ಸಿಗುತ್ತವೆ. ಬೇಕಾದ ಹತ್ತು ಪುಟ ಮಾತ್ರ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ, ಬಣ್ಣ ಮಕ್ಕಳೇ ಹಾಕುತ್ತಾರೆ. ಇಡೀ ಪುಸ್ತಕ ಪ್ರಿಂಟ್ ಹಾಕಿಸೋದಕ್ಕಿಂತ ಊರಿನ ಮಕ್ಕಳ ಹಳೇ ಪುಸ್ತಕ ಕೇಳಿ ತರೋದು ಅಗ್ಗ.

ಜೂನ್ ಬಂತೆಂದರೆ ಪುಸ್ತಕಕ್ಕೆ ಬೂಷ್ಟು. ಕಾರ್ಡುಗಳನ್ನು ಮೇ ತಿಂಗಳಲ್ಲೇ ಲ್ಯಾಮಿನೇಟ್ ಮಾಡಿಸಿ, ಇಲ್ಲವೇ ಅಗಲದ ಟೇಪು ಎರಡೂ ಕಡೆ ಅಂಟಿಸಿ. ಪುಸ್ತಕ ಟ್ರಂಕಿನಲ್ಲಿಟ್ಟು ಒಲೆ ಇರುವ ಕೋಣೆಯಲ್ಲಿ ಇಡಿ. ಹೊಗೆ ವಾಸನೆ ಬಂದರೂ ಪುಸ್ತಕ ಉಳಿಯುತ್ತದೆ.

ಹೆಜ್ಜೆ 8: ದುಡ್ಡು ಕೊಡುವ ಮುಂಚೆ ಕೇಳಬೇಕಾದ ಜಾಗಗಳು

ಗ್ರಾಮ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರ ಆಗಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಮೊದಲು ಅಲ್ಲಿಂದ ತಂದು ಓದಿಸಿ, ಮೂರು ಸಲ ಮತ್ತೆ ಬೇಕು ಅಂದ ಪುಸ್ತಕ ಮಾತ್ರ ಕೊಳ್ಳಿ. ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಹೋಗಿ ಮಾತಾಡಿ. ನಾನು ನಾಚಿಕೊಂಡು ಒಂದು ವರ್ಷ ಹೋಗಲೇ ಇಲ್ಲ. ಹೋದ ದಿನ ಅಲ್ಲಿನ ಮೇಡಂ ಚಿಕ್ಕವಳಿಗೆ ಪೆನ್ಸಿಲ್ ಸುತ್ತ ಹಳೇ ಸೈಕಲ್ ಟ್ಯೂಬಿನ ಚೂರು ಸುತ್ತಿಕೊಟ್ಟರು, ಹಿಡಿತ ಅವತ್ತೇ ಬಂತು. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ದೂರ ಆದರೂ ಒಮ್ಮೆ ಹೋಗಿ ಬಂದರೆ ಮನೆಯಲ್ಲಿ ಏನು ಮಾಡಬೇಕು ಅಂತ ಸ್ಪಷ್ಟ ಆಗುತ್ತದೆ. ವಿಜ್ಞಾನದ ಆಟಿಕೆಗೆ ಅರವಿಂದ ಗುಪ್ತ ಅವರ ಕಸದಿಂದ ಮಾಡುವ ಆಟಿಕೆಗಳನ್ನು ನೋಡಿ, ಬೆಂಕಿಕಡ್ಡಿ, ಸೈಕಲ್ ವಾಲ್‌ಟ್ಯೂಬು ಇದ್ದರೆ ಒಂದು ಮಳೆಗಾಲ ಕಳೆಯುತ್ತದೆ.

ಹೆಜ್ಜೆ 9: ಯಾವಾಗ ಎತ್ತಿಡೋದು

ತಂದ ಸಾಮಾನಿಗೆ ಎರಡು ವಾರ ಗಡುವು. ಮಗು ತಾನಾಗಿ ಒಮ್ಮೆಯೂ ಕೈಗೆತ್ತಿಕೊಳ್ಳದಿದ್ದರೆ, ಹೊಟ್ಟೆನೋವು ತಲೆನೋವು ಅನ್ನೋದು ಅದೇ ಹೊತ್ತಿಗೆ ಬಂದರೆ, ಎತ್ತಿಡಿ. ಬಿಸಾಡಬೇಡಿ, ಯಾರಿಗೂ ಕೊಡಲೂ ಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಜಗಲಿಯಲ್ಲಿ ಸುಮ್ನೆ ಇಟ್ಟು ನೋಡಿ. 14 ಸಾವಿರದ ಪೆಟ್ಟಿಗೆಯ ಪಜಲ್ಲು ಈ ವರ್ಷ ಚಿಕ್ಕವಳ ಕೈ ಸೇರಿದೆ. ಹಿಮದ ಮನೆಯನ್ನು ಅವಳು ಮೊಸರನ್ನದ ಉಂಡೆ ಅಂದುಕೊಂಡಿದ್ದಾಳೆ, ನಾವು ತಿದ್ದೋಕೆ ಹೋಗಿಲ್ಲ.

ನಾವು ವರ್ಷಕ್ಕೆ ಎರಡು ಸಲ ಟ್ರಂಕು ತೆಗೆದು ಎಲ್ಲ ಹರವಿ ನೋಡುತ್ತೇವೆ. ಒಂದು ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ. ಇನ್ನೊಂದು ಮಹಾನವಮಿ ಹೊತ್ತಿಗೆ, ಪುಸ್ತಕ ಹೇಗೂ ಪೂಜೆಗೆ ಇಳಿಸಿರುತ್ತೇವೆ. ಆಗ ನೋಟ್‌ಬುಕ್ ಜೊತೆ ಕೂತು ಯಾವುದು ಸಣ್ಣದಾಯಿತು, ಯಾವುದು ಇನ್ನೂ ದೊಡ್ಡದು ಅಂತ ಬೇರೆ ಮಾಡೋದು. ದೀಪಾವಳಿ ಆದ ಮೇಲೆ ಹೊಸದು ಏನನ್ನೂ ಶುರು ಮಾಡುವುದಿಲ್ಲ. ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಬಂದ ಮೇಲೆ ಮನೆಯಲ್ಲಿ ಯಾರಿಗೂ ಪುಸ್ತಕದ ಧ್ಯಾನ ಇರುವುದಿಲ್ಲ, ಮೂವರೂ ಅಂಗಳದಲ್ಲೇ ಇರುತ್ತಾರೆ, ಮಗ ಗೊನೆ ಎಣಿಸುತ್ತ, ಮಗಳು ಕೂಲಿಯವರ ಹೆಸರು ಬರೆಯುತ್ತ, ಚಿಕ್ಕವಳು ಅತ್ತೆಯ ಪಕ್ಕ ತನ್ನ ಬುಟ್ಟಿ ಇಟ್ಟುಕೊಂಡು.